ನಾಲ್ಕನೆಯ ಮಾತು

“ಅರ್ಥವಾಯ್ತು ಬಿಡಿ” ಎಂದು ಆ ಕಡೆಯ ಹೆಂಗಸು ಫೋನಿಟ್ಟಳು. ಏನು ಅರ್ಥವಾಯಿತು ಎಂಬುದು, ರಿಸೀವರನ್ನು ಇನ್ನೂ ಕಿವಿಗೆ ಒತ್ತಿಕೊಂಡು ನಿಂತಿದ್ದ ಮೇಲ್ವಿಚಾರಕಿಗೆ ತಿಳಿಯಲಿಲ್ಲ. ತಾನು ಹೇಳಿದ್ದು ಮೂರೇ ಮಾತು: ಸಿಡುಕಣ್ಣ ಈ ಕನ್ನಡಕದ ಅಂಗಡಿಗೆ ಸೇರಿದ ದಿನ, ಬಿಟ್ಟ ದಿನ, ಮಾಡುತ್ತಿದ್ದ ಕೆಲಸ. ಸಿಡುಕಣ್ಣ ಎಂದು ಹೇಳಿರಲಿಲ್ಲ, ಅದು ಹಿಂದಿನ ಕೋಣೆಯವರು ಇಟ್ಟ ಹೆಸರು. ದಾಖಲೆಯ ಹೆಸರನ್ನು ಉಚ್ಚರಿಸುವಾಗ ಬೇರೆ ಯಾರದೋ ವಿಷಯ ಮಾತಾಡುತ್ತಿರುವಂತೆನಿಸಿ ಅದರಿಂದ ಅನುಕೂಲವೇ ಆಗಿತ್ತು. ಆ ಹೆಂಗಸು ಕಣ್ಣಾಸ್ಪತ್ರೆಯೊಂದರ ಕನ್ನಡಕ ವಿಭಾಗದ ಮುಖ್ಯಸ್ಥೆ. ದನಿಯಲ್ಲಿ ಅವಸರವಿರಲಿಲ್ಲ. ನಿಮ್ಮಲ್ಲಿ ಕೆಲಸ ಮಾಡಿ ಹೋದವರೇ ಇಬ್ಬರು ಒಂದೇ ಜಾಗಕ್ಕೆ ಬಂದಿದ್ದಾರೆ, ಸಂಜೆಯೊಳಗೆ ಒಬ್ಬರನ್ನು ಆರಿಸಬೇಕು, ಎಂದು ಮೊದಲೇ ಹೇಳಿಬಿಟ್ಟಿದ್ದಳು. “ಕೆಲಸ ಹೇಗೆ ಮಾಡ್ತಿದ್ರು?” ಎಂದು ಕೇಳಿದಳು. ಅದನ್ನು ಹೇಳುವ ಪದ್ಧತಿ ನಮ್ಮಲ್ಲಿಲ್ಲ. “ಯಾಕೆ ಬಿಟ್ರು?” ಅದನ್ನೂ ಹೇಳುವ ಹಾಗಿಲ್ಲ. “ಹೋಗ್ಲಿ, ಮತ್ತೆ ಬಂದ್ರೆ ತಗೋತೀರಾ?” ಇದಕ್ಕೂ ಅದೇ ಉತ್ತರವನ್ನು ಕೊಡುವ ಮೊದಲು ಮೇಲ್ವಿಚಾರಕಿ ಒಂದು ಉಸಿರು ತಡೆದಳು. ಅಗತ್ಯವಿರಲಿಲ್ಲ. ಉತ್ತರ ನಾಲಗೆಯ ತುದಿಯಲ್ಲೇ ಸಿದ್ಧವಿತ್ತು. ತಡೆದ ಆ ಉಸಿರು ಫೋನಿನಲ್ಲಿ ಹಾದುಹೋಗಿ ಆ ಹೆಂಗಸಿನ ಕಿವಿಯನ್ನು ಮುಟ್ಟಿದ್ದು, ಮುಟ್ಟಲಿ ಎಂದು ತಾನೇ ಅದನ್ನು ತಡೆದದ್ದು, ಎರಡೂ ಈಗ ರಿಸೀವರ್ ಇಡುವಾಗ ಒಟ್ಟಿಗೆ ಗೊತ್ತಾದವು.

ಅವಳು ಹಿಂದಿನ ಕೋಣೆಗೆ ಹೋಗಿ ತನ್ನ ಜಾಗದಲ್ಲಿ ಕುಳಿತಳು. ಗಾಜಿನ ಪವರ್ ಅಳೆಯುವ ಯಂತ್ರದ ಮುಂದೆ, ಕಿಟಕಿಗೆ ಬೆನ್ನು ಮಾಡಿ, ಇಷ್ಟು ವರ್ಷ ಕುಳಿತ ಸ್ಟೂಲು. ಗಾಜನ್ನು ಯಂತ್ರದ ಬಾಯಿಗಿಟ್ಟು, ಕಣ್ಣನ್ನು ಕೊಳವೆಗೆ ಹಚ್ಚಿ, ಹಸಿರು ಗೆರೆಗಳು ಚೂಪಾಗುವವರೆಗೆ ಗಾಲಿ ತಿರುಗಿಸಿ, ಸನ್ನೆಗೋಲನ್ನು ಒತ್ತಿದರೆ ಗಾಜಿನ ಮೇಲೆ ಮೂರು ಶಾಯಿಚುಕ್ಕೆ ಬೀಳುತ್ತವೆ. ಆ ಚುಕ್ಕೆಗಳನ್ನು ನಂಬಿ ಪಕ್ಕದ ಮೇಜಿನವನು ಅಂಚು ಉಜ್ಜಿ ಫ್ರೇಮಿಗೆ ಕೂರಿಸುತ್ತಾನೆ. ಪಕ್ಕದ ಮೇಜು ಖಾಲಿಯಾಗಿತ್ತು. ಸಿಡುಕಣ್ಣ ಹೋದ ಮೇಲೆ ಅಲ್ಲಿಗೆ ಬಂದವರು ಯಾರೂ ನಿಲ್ಲಲಿಲ್ಲ. ಈಗ ಉಜ್ಜುವ ಕೆಲಸವೆಲ್ಲ ಹೊರಗಿನ ಕಾರ್ಖಾನೆಗೆ ಹೋಗಿ ಬರುತ್ತದೆ. ಆದರೂ ಅಂಚು ಉಜ್ಜುವ ಚಕ್ರಕ್ಕೆ ತೊಟ್ಟಿಕ್ಕುವ ನೀರಿನ ನಲ್ಲಿಯನ್ನು ಯಾರೂ ಪೂರ್ತಿ ಬಿಗಿದಿರಲಿಲ್ಲ.

ಮೂರು ಮಾತಿನ ನಿಯಮ ಅವಳದಲ್ಲ, ಯಜಮಾನರದು. ಅದಕ್ಕೂ ಮುಂಚೆ, ಬಿಟ್ಟುಹೋದವರ ವಿಷಯ ಯಾರೇ ವಿಚಾರಿಸಿದರೂ ಅವರು ಬಾಯಿಗೆ ಬಂದದ್ದನ್ನು ಹೇಳುತ್ತಿದ್ದರು. ಫ್ರೇಮು ಜೋಡಿಸುತ್ತಿದ್ದ ಒಬ್ಬನನ್ನು ಕುರಿತು “ಸ್ವಲ್ಪ ಕೈ ಉದ್ದ” ಎಂದರು. ಕದ್ದದ್ದನ್ನು ಕಂಡವರಿಲ್ಲ, ಹಿಡಿದವರಿಲ್ಲ. ಸಿಗಬೇಕಾಗಿದ್ದ ಕೆಲಸ ತಪ್ಪಿದ ಮೇಲೆ ಅವನು ವಕೀಲರಿಂದ ನೋಟೀಸು ಕೊಡಿಸಿದ. ಯಜಮಾನರು ತಮ್ಮ ವಕೀಲರನ್ನು ಕರೆಸಿಕೊಂಡರು. ಇದೇ ಕೋಣೆಯಲ್ಲಿ, ಸಿಡುಕಣ್ಣನ ಮೇಜಿನ ಮೂಲೆಗೆ ಒರಗಿ ನಿಂತು ಆ ವಕೀಲರು ಹೇಳಿದ್ದು ಅವಳಿಗೆ ಅಕ್ಷರಶಃ ನೆನಪಿದೆ. “ನೋಡಿ ಯಜಮಾನ್ರೇ, ಸುಳ್ಳು ಹೇಳಿದ್ರೆ ನಾನೂ ನಿಮ್ಮನ್ನ ಉಳಿಸಲಾರೆ. ನಿಜ ಹೇಳಿ, ಅದೂ ನಿಮಗೆ ಖುದ್ದಾಗಿ ಗೊತ್ತಿರೋ ನಿಜ. ಕೇಳಿದವರಿಗೆ ಕೆಲಸಕ್ಕೆ ಬೇಕಾದಷ್ಟು ಹೇಳಿ, ಸೇಡಿಟ್ಟುಕೊಳ್ಳದೆ ಹೇಳಿ. ಆಗ ಕಾನೂನು ನಿಮ್ಮ ತಂಟೆಗೆ ಬರಲ್ಲ. ಅಷ್ಟು ತೂಗಿ ಮಾತಾಡೋಕೆ ಬರಲ್ಲ ಅನ್ನೋದಾದ್ರೆ ತಾರೀಕು ಹೇಳಿ ಸುಮ್ಮನಿರಿ.” ಯಜಮಾನರ ಕಿವಿಗೆ ಹೊಕ್ಕದ್ದು ಕೊನೆಯ ವಾಕ್ಯ ಮಾತ್ರ. ಮರುದಿನವೇ ಎಲ್ಲರನ್ನೂ ನಿಲ್ಲಿಸಿ ಹೇಳಿದರು: ಸೇರಿದ ದಿನ, ಬಿಟ್ಟ ದಿನ, ಕೆಲಸ. ನಾಲ್ಕನೆಯ ಮಾತು ಈ ಅಂಗಡಿಯ ಬಾಯಿಂದ ಬರಕೂಡದು. ಕಾನೂನೇ ಹಾಗಿದೆ.

ಕಾನೂನು ಹಾಗಿಲ್ಲ ಎಂದು ಅವಳಿಗೆ ಆಗಲೇ ಗೊತ್ತಿತ್ತು. ಕಾನೂನು ಬಾಗಿಲನ್ನು ತೆರೆದೇ ಇಟ್ಟಿತ್ತು. ಚಿಲಕ ಹಾಕಿದ್ದು ಯಜಮಾನರು. ಆದರೂ ಅವಳಿಗೆ ನಿಯಮ ಒಪ್ಪಿಗೆಯಾಗಿತ್ತು. ಒಳ್ಳೆಯವನಿಗೂ ಅಷ್ಟೇ, ಕೆಟ್ಟವನಿಗೂ ಅಷ್ಟೇ. ಶಾಲೆಯಲ್ಲಿ ಅವಳಿಗೆ ಇಷ್ಟವಾಗಿದ್ದದ್ದು ಲೆಕ್ಕವೊಂದೇ, ಅದೂ ಇದೇ ಕಾರಣಕ್ಕೆ: ಅದು ಮುಖ ನೋಡುವುದಿಲ್ಲ. ಬಿಟ್ಟುಹೋದವರ ಬಗ್ಗೆ ಫೋನು ಬಂದಾಗಲೆಲ್ಲ ಮೂರು ಮಾತನ್ನು ಒಂದೇ ದನಿಯಲ್ಲಿ ಹೇಳಿ ಮುಗಿಸುತ್ತಿದ್ದಳು, ಉಸಿರು ತಡೆಯದೆ. ಇವತ್ತು ತಡೆದಳು. ಸೇಡಿಟ್ಟುಕೊಂಡು ಆಡಿದ ಮಾತನ್ನು ಹಿಡಿಯಲು ಕಾನೂನಿದೆ. ಸೇಡಿಟ್ಟುಕೊಂಡು ಆಡದೆ ಬಿಟ್ಟ ಮಾತನ್ನು ಹಿಡಿಯಲು ಯಾವುದಿದೆ? ಈ ಪ್ರಶ್ನೆಯನ್ನು ಆ ವಕೀಲರಿಗೆ ಕೇಳಬೇಕಾಗಿತ್ತು. ಅವತ್ತು ಹೊಳೆಯಲಿಲ್ಲ, ಅವತ್ತು ಸಿಡುಕಣ್ಣ ಪಕ್ಕದಲ್ಲೇ ಕುಳಿತು, ವಕೀಲರ ಕೋಟಿನ ತುದಿ ನೀರಿನ ತೊಟ್ಟಿಗೆ ತಾಗುತ್ತಿದ್ದುದನ್ನು ನೋಡಿ, “ಸ್ವಾಮಿ, ಕಾನೂನು ನೆನೀತಾ ಇದೆ” ಎಂದಿದ್ದ. ಅವಳೂ ನಕ್ಕಿದ್ದಳು. ಅವನ ಮಾತಿಗೆ ನಕ್ಕಿದ್ದು ಅದೇ ಕೊನೆ.

ಆ ನಗು ನಿಂತದ್ದು ಒಬ್ಬ ದರ್ಜಿ ಹೆಂಗಸು ಬಂದ ದಿನ. ಮಧ್ಯವಯಸ್ಸಿನವಳು, ಹೊಸ ಕನ್ನಡಕ ಹಾಕಿಕೊಂಡೇ ಬಂದಿದ್ದಳು, ಕೌಂಟರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ನೆಲ ಒಂದು ಕಡೆಗೆ ಜಾರಿದ ಹಾಗೆ ಕಾಣುತ್ತೆ, ಹೊಲಿದ ಅಂಚೆಲ್ಲ ಓರೆ ಹೋಗುತ್ತೆ, ಎಂದಳು. ಯಜಮಾನರು ಎಲ್ಲರಿಗೂ ಹೇಳುವ ಹಾಗೆ “ಹೊಸದು ಅಲ್ವೇನಮ್ಮಾ, ಒಂದು ವಾರ ಹಾಕ್ಕೊಳ್ಳಿ, ಅಭ್ಯಾಸ ಆಗುತ್ತೆ” ಎಂದರು. ಹಿಂದಿನ ಕೋಣೆಯಿಂದ ಸಿಡುಕಣ್ಣ ಒದ್ದೆ ಏಪ್ರನ್ನಿನಲ್ಲೇ ಹೊರಗೆ ಬಂದ. ಕೇಳದೆ ಹೇಳದೆ ಆ ಹೆಂಗಸಿನ ಮುಖದಿಂದ ಕನ್ನಡಕ ತೆಗೆದು, ಬೆಳಕಿಗೆ ಹಿಡಿದು ತಿರುಗಿಸಿದ. “ಅಭ್ಯಾಸ ಆಗೋದು ಬೇಡ. ಇದು ತಪ್ಪು.” ಆಮೇಲೆ ಕೊರಳನ್ನು ಹೊರಳಿಸಿ, ಹಿಂದಿನ ಕೋಣೆಯ ಬಾಗಿಲಲ್ಲಿ ಬಂದು ನಿಂತಿದ್ದ ಮೇಲ್ವಿಚಾರಕಿಯನ್ನು ನೋಡಿ, ಅಂಗಡಿಯಲ್ಲಿದ್ದ ಅಷ್ಟೂ ಗಿರಾಕಿಗಳಿಗೆ ಕೇಳುವಂತೆ, “ಗಾಜನ್ನ ಮಗುಚಿ ಗುರುತು ಹಾಕಿದ್ದೀಯಲ್ಲ ತಾಯೀ, ಕಣ್ಣು ಎಲ್ಲಿಟ್ಟಿದ್ದೆ?” ಎಂದ.

ಅವನು ಹೇಳಿದ್ದು ಸರಿಯಾಗಿತ್ತು. ಅದೇ ಸಹಿಸಲಾಗದ್ದು. ಗಾಜಿನ ಉಬ್ಬಿದ ಮೈ ಮೇಲಿರಬೇಕು, ಅವಳು ಕೆಳಗಿಟ್ಟಿದ್ದಳು. ಹಾಗಿಟ್ಟರೆ ಪವರ್ ಬದಲಾಗುವುದಿಲ್ಲ, ಗಾಜಿನೊಳಗಿನ ಅಕ್ಷದ ಓರೆ ಮಾತ್ರ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಕೊಳ್ಳುತ್ತದೆ. ಮೂವತ್ತು ಡಿಗ್ರಿಯದು ನೂರೈವತ್ತಾಗುತ್ತದೆ. ಕೂಡಿದರೆ ನೂರೆಂಬತ್ತು, ಲೆಕ್ಕ ಅಚ್ಚುಕಟ್ಟು. ನೆಲ ಜಾರುವುದು ಹಾಕಿಕೊಂಡವರಿಗೆ ಮಾತ್ರ. ಈ ಕಸುಬಿನವರಲ್ಲದೆ ಬೇರೆ ಯಾರೂ ಮಾಡಲಾರದ ತಪ್ಪು, ಈ ಕಸುಬಿನವರೆಲ್ಲ ಎಂದಾದರೊಮ್ಮೆ ಮಾಡುವ ತಪ್ಪು. ಅವಳೇ ಅಂದು ಸಂಜೆ ಹೊಸ ಗಾಜಿಗೆ ಗುರುತು ಹಾಕಿದಳು, ಸಿಡುಕಣ್ಣ ಉಜ್ಜಿ ಕೂರಿಸಿದ. ಕೂರಿಸಿ ಮುಗಿದ ಮೇಲೆ ಯಜಮಾನರು ಅವನನ್ನು ಕರೆದು, ಗಿರಾಕಿಗಳ ಮುಂದೆ ಅಂಗಡಿಯ ಮಾನ ಕಳೆದೆ, ನಾಳೆಯಿಂದ ಬರಬೇಡ ಎಂದರು. ಅವನು ಏಪ್ರನ್ ಕಳಚಿ ಮೊಳೆಗೆ ಸಿಕ್ಕಿಸಿದ. ಒಂದು ಮಾತು, ಹೋಗಲಿ ಬಿಡಿ ಯಜಮಾನ್ರೇ ಎಂಬ ಒಂದೇ ಮಾತು ಅವಳ ಬಾಯಿಂದ ಬಂದಿದ್ದರೆ ಸಾಕಾಗಿತ್ತೇನೋ. ಅವಳು ಕೊಳವೆಗೆ ಕಣ್ಣು ಹಚ್ಚಿಕೊಂಡೇ ಇದ್ದಳು. ಯಂತ್ರದಲ್ಲಿ ಗಾಜು ಇರಲಿಲ್ಲ. ಆ ರಾತ್ರಿ ಊಟ ಬಡಿಸುತ್ತ ಇದನ್ನೆಲ್ಲ ಹೇಳಿ ಬಿಕ್ಕಿದಾಗ ಗಂಡ ತಟ್ಟೆಯಿಂದ ಮುಖವೆತ್ತಿ, “ಕಣ್ಣು ಎಲ್ಲಿಟ್ಟಿದ್ದೆ ಅಂತ ನಾನೂ ಕೇಳಬೇಕು ಅನ್ಕೊಂಡಿದ್ದೆ ಕಣೇ, ನನ್ನನ್ನ ಒಪ್ಪಿಕೊಂಡಾಗ” ಎಂದ. ಸಮಾಧಾನಕ್ಕೆಂದೇ ಹೇಳಿದ್ದು. ಅವಳು ಮಾತ್ರ ಅವನ ಜೊತೆಯೂ ಎರಡು ದಿನ ಮಾತು ಬಿಟ್ಟಳು.

ಹೋದ ವಾರ ಬಸ್ಸಿನ ಕಿಟಕಿಯಿಂದ ಸಿಡುಕಣ್ಣನನ್ನು ಕಂಡಳು. ಒಂದು ಔಷಧಿ ಅಂಗಡಿಯ ಪಕ್ಕದ ಗೋಡೆಗೆ ಬೆನ್ನು ಕೊಟ್ಟು, ಮಡಿಸುವ ಸ್ಟೂಲಿನ ಮೇಲೆ ಕುಳಿತು, ಯಾರದೋ ಹಳೆಯ ಕನ್ನಡಕದ ಕಾಲಿಗೆ ತಿರುಪು ಬಿಗಿಯುತ್ತಿದ್ದ. ಗಾಜಿನ ಅಂಚನ್ನು ಹೆಬ್ಬೆರಳಿನಿಂದಲೇ ಓದಬಲ್ಲ ಆ ಕೈಗಳು ಅಂಥ ತಿರುಪಿಗೆ ತೀರ ದೊಡ್ಡವಾಗಿ ಕಾಣುತ್ತಿದ್ದವು. ಗಿರಾಕಿ ಏನೋ ಹೇಳಿದ, ಸಿಡುಕಣ್ಣ ಸಿಡುಕಲಿಲ್ಲ. ತಲೆಯಾಡಿಸಿದ. ಅದನ್ನು ನೋಡಲಾರದೆ ಅವಳು ಕಿಟಕಿಯಿಂದ ಮುಖ ತಿರುಗಿಸಿದ್ದಳು. ನಾಚಿಕೆಯಾಗಿ ತಿರುಗಿಸಿದ್ದು ಎಂದು ಅವತ್ತಿನಿಂದ ನಂಬಿದ್ದಳು. ಈಗ, ಗಾಲಿ ತಿರುಗಿಸುತ್ತ, ಗೆರೆಗಳು ಚೂಪಾಗುತ್ತ ಬಂದಂತೆ, ಅದರೊಳಗೆ ಒಂದಿಷ್ಟು ಸಂತೋಷವೂ ಇತ್ತು ಎಂಬುದು ಸ್ಪಷ್ಟವಾಯಿತು.

ಅಂಗಡಿಯ ಮುಂಭಾಗದಿಂದ ಯಜಮಾನರ ನಗು ಕೇಳಿಸಿತು. ಮೊಬೈಲಿನಲ್ಲಿ ಮಾತಾಡುವಾಗ ಮಾತ್ರ ಬರುವ ದೊಡ್ಡ ನಗು. ಅಳೆದ ಗಾಜುಗಳ ತಟ್ಟೆಯನ್ನು ಕೌಂಟರಿಗೆ ಮುಟ್ಟಿಸಲೆಂದು ಅವಳು ಎದ್ದು ಹೋದಳು. ಗಿರಾಕಿಗಳೆಂದರೆ ಒಬ್ಬರು ಮುದುಕರು, ಅವರ ಸೊಸೆ. ಮುದುಕರು ಒಂದೊಂದೇ ಫ್ರೇಮು ಹಾಕಿ ಕನ್ನಡಿ ನೋಡಿಕೊಳ್ಳುತ್ತಿದ್ದರು. “ಇದು ಬೇಡ ಮಾವ, ಗೂಬೆ ಥರ ಕಾಣ್ತೀರ.” “ಗೂಬೆಗೆ ಕಣ್ಣು ಚೆನ್ನಾಗಿರುತ್ತಮ್ಮ, ಅದನ್ನೇ ಕೊಡಿಸು.” ಯಜಮಾನರು ಅವರತ್ತ ಕೈಯಲ್ಲೇ ತಾಳಿ ಎಂದು ಸನ್ನೆ ಮಾಡಿ ಫೋನಿಗೆ ಹೇಳುತ್ತಿದ್ದರು: “ಬಂಗಾರದಂಥ ಮನುಷ್ಯ ಕಣ್ರೀ! ಒಂದು ದಿನ ಎದುರು ಮಾತಾಡಿದವನಲ್ಲ. ಗಿರಾಕಿಗಳಿಗಂತೂ ಅವನೇ ಬೇಕು. ನಮ್ಮ ಮನೆ ಮಗ ಇದ್ದ ಹಾಗಿದ್ದ... ಹೌದೌದು, ಉಜ್ಜೋದೂ ಅಷ್ಟೇ, ಅಚ್ಚುಕಟ್ಟು... ಅಯ್ಯೋ, ಕಣ್ಣು ಮುಚ್ಚಿಕೊಂಡು ತಗೊಳ್ಳಿ ಮೇಡಂ!”

ಯಾರ ವಿಷಯವೆಂದು ಕೇಳಬೇಕಾಗಿರಲಿಲ್ಲ. ಹಿಂದಿನ ಕೋಣೆಯವರು ಸಿಹಿಬಾಯಿ ಎಂದು ಹೆಸರಿಟ್ಟಿದ್ದವನು. ಸಿಡುಕಣ್ಣನ ಕೈಕೆಳಗೆ ಕೆಲವು ಕಾಲವಿದ್ದು, ಹೆಚ್ಚು ಸಂಬಳದ ಆಸೆಗೆ ತಾನೇ ಬಿಟ್ಟುಹೋದವನು. ಅಂಚು ಸಿಡಿದ ಗಾಜನ್ನು ಫ್ರೇಮಿನ ಒಳಗೆ ಕಾಣದಂತೆ ಕೂರಿಸುವುದರಲ್ಲಿ ನಿಪುಣ. ಅದು ಬಿರುಕು ಬಿಟ್ಟು ವಾಪಸು ಬಂದಾಗ ಗಿರಾಕಿಯ ಕೈಯದೇ ತಪ್ಪೆಂದು ಹೇಳಿ ನಗಿಸಿ ಕಳಿಸುವುದರಲ್ಲಿ ಇನ್ನೂ ನಿಪುಣ. ಸಂಜೆಯೊಳಗೆ ಆರಿಸಬೇಕಾದ ಇಬ್ಬರಲ್ಲಿ ಎರಡನೆಯವನು ಅವನೇ. ಅವನು ಅಂಗಡಿಯ ನಂಬರಿನ ಬದಲು ಯಜಮಾನರ ಸ್ವಂತ ನಂಬರನ್ನು ಕೊಟ್ಟಿದ್ದ.

ಯಜಮಾನರು ಮೊಬೈಲನ್ನು ಕಿಸೆಗಿಟ್ಟುಕೊಂಡರು. ಅವಳು ತಟ್ಟೆಯನ್ನು ಕೌಂಟರಿನ ಮೇಲಿಟ್ಟು ನಿಂತಳು.

“ಮೂರು ಮಾತಿನ ನಿಯಮ ಇತ್ತಲ್ಲ ಯಜಮಾನ್ರೇ?”

“ಇದೆಯಲ್ಲ. ಯಾರಿಲ್ಲ ಅಂದ್ರು?”

“ಈಗ ನೀವು ಹೇಳಿದ್ದು ಮೂವತ್ತಾಯ್ತು.”

“ಅಯ್ಯೋ, ಹೊಗಳಿದ್ರೆ ಯಾರಮ್ಮಾ ಕೋರ್ಟಿಗೆ ಹೋಗ್ತಾರೆ?” ಅವರು ತಮ್ಮ ಜಾಣತನಕ್ಕೆ ತಾವೇ ತಲೆದೂಗಿದರು. “ನಿಯಮ ಇರೋದು ಆ ಸಿಡುಕನಂಥವರಿಗೆ. ಬೆಳಿಗ್ಗೆ ನೀನು ಮಾತಾಡಿದ್ದು ಕೇಳಿಸ್ಕೊಂಡೆ. ಚೆನ್ನಾಗಿ ಹೇಳಿದೆ. ಹಾಗೇ ಹೇಳಬೇಕು.”

ಚೆನ್ನಾಗಿ ಹೇಳಿದೆ. ಇಷ್ಟು ವರ್ಷಗಳಲ್ಲಿ ಅವರು ಅವಳನ್ನು ಹೊಗಳಿದ್ದು ಬೆರಳೆಣಿಕೆಯಷ್ಟು ಸಲ. ಈ ಹೊಗಳಿಕೆಯಿಂದ ಮೈಮೇಲೆ ಏನೋ ಅಂಟಿದ ಹಾಗಾಯಿತು. ಕೈಯನ್ನು ಸೀರೆಯ ಸೆರಗಿಗೆ ಒರೆಸಿಕೊಂಡಳು, ಕೈಯಲ್ಲಿ ಏನೂ ಇರಲಿಲ್ಲ. ಬೆಳಗಿನಿಂದ ಅವಳು ಆಸರೆ ಹಿಡಿದಿದ್ದದ್ದು ಒಂದನ್ನೇ: ತಾನು ಏನೂ ಹೇಳಿಲ್ಲ, ಹೇಳದ್ದರ ಬೆಲೆ ಸೊನ್ನೆ. ಆದರೆ ಸೊನ್ನೆಗೆ ತನ್ನದೇ ಬೆಲೆಯಿಲ್ಲ, ಅದು ನಿಂತ ಜಾಗಕ್ಕೆ ಬೆಲೆ. ಆ ಮುಖ್ಯಸ್ಥೆಯ ಮುಂದೆ ಈಗ ಒಂದು ಕಡೆ ಬಂಗಾರದಂಥ ಮನುಷ್ಯ, ಇನ್ನೊಂದು ಕಡೆ ಎರಡು ತಾರೀಕು ಮತ್ತು ತಡೆದ ಒಂದು ಉಸಿರು. ಒಂದೇ ಅಂಗಡಿಯಿಂದ ಬಂದ ಎರಡು ಮಾತು. ಸಿಡುಕಣ್ಣನ ಬಗ್ಗೆ ಒಂದು ಸುಳ್ಳನ್ನೂ ಹೇಳದೆ, ಯಾವ ವಕೀಲರೂ ಬೆರಳಿಟ್ಟು ತೋರಿಸಲಾಗದಂತೆ, ಒಬ್ಬ ಮನುಷ್ಯನನ್ನು ಮುಗಿಸಿದ್ದಾಗಿತ್ತು. ಅದಕ್ಕೆ ಗುರುತು ಹಾಕಿದವಳು ತಾನು. ಗಾಜನ್ನು ಮಗುಚಿಟ್ಟು, ತಿಳಿದೇ.

ಹಾಗೆಂದು ಅವನ ಮೇಲೆ ಅವಳಿಗೆ ಕರುಣೆಯೇನೂ ಹುಟ್ಟಲಿಲ್ಲ. ಹುಟ್ಟುತ್ತದೆಯೇ ಎಂದು ಒಂದು ಗಳಿಗೆ ಕಾದಳು. ತಾಯೀ, ಕಣ್ಣು ಎಲ್ಲಿಟ್ಟಿದ್ದೆ: ಆ ದನಿ ಅಷ್ಟೇ ಒರಟಾಗಿ, ಅಷ್ಟೇ ದೊಡ್ಡದಾಗಿ ಕೇಳಿಸಿತು. ಕರುಣೆಗಾಗಿ ಕಾದರೆ ಸಂಜೆಯಾಗಿಬಿಡುತ್ತದೆ. ಅವಳು ಕೌಂಟರಿನ ಫೋನನ್ನು ತನ್ನತ್ತ ಎಳೆದುಕೊಂಡಳು. ಬೆಳಿಗ್ಗೆ ಬಂದ ನಂಬರು ಅದರ ಪುಟ್ಟ ಪರದೆಯಲ್ಲಿ ಇನ್ನೂ ಇತ್ತು.

“ಯಾರಿಗೆ?” ಎಂದರು ಯಜಮಾನರು.

“ಆಸ್ಪತ್ರೆಗೆ. ಬೆಳಿಗ್ಗೆ ನಾನು ಹೇಳಿದ್ದು ಪೂರ್ತಿಯಾಗಿರಲಿಲ್ಲ.”

“ಏಯ್, ಇಡಮ್ಮಾ ಅದನ್ನ. ಮೊದಲೇ ಒಂದು ನೋಟೀಸು ತಿಂದಿದ್ದೀವಿ. ವಕೀಲರು ಏನು ಹೇಳಿದ್ದಾರೆ ಮರೆತೆಯಾ?”

“ನಾನು ಮರೆತಿಲ್ಲ. ನೀವು ಅರ್ಧ ಮರೆತಿದ್ದೀರಿ.”

ಸೊಸೆ ಮಾವನ ಮೂಗಿನ ಮೇಲೆ ಕೂರಿಸುತ್ತಿದ್ದ ಫ್ರೇಮನ್ನು ಅಲ್ಲೇ ಹಿಡಿದುಕೊಂಡು ನಿಂತಳು. ದರ್ಜಿ ಹೆಂಗಸು ಬಂದ ದಿನ ಗಿರಾಕಿಗಳು ನಿಂತಿದ್ದದ್ದೂ ಇದೇ ಜಾಗದಲ್ಲಿ. ಅವಳು ನಂಬರು ಒತ್ತಿದಳು, ಆ ಕಡೆ ಫೋನೆತ್ತಿದರು. ಅದೇ ಅವಸರವಿಲ್ಲದ ದನಿ. ಅವಳು ತಾನು ಯಾರೆಂದು ಹೇಳಿದಳು.

“ಬೆಳಿಗ್ಗೆ ನೀವು ಕೇಳಿದ್ದಕ್ಕೆ ಈಗ ಹೇಳ್ತೀನಿ ಮೇಡಂ. ಬರೀ ನಾನು ನೋಡಿದ್ದನ್ನ. ಅವರ ಪಕ್ಕದ ಮೇಜಿನಲ್ಲೇ ಇಷ್ಟು ವರ್ಷ ಕೂತವಳು. ಅವರು ಉಜ್ಜಿದ ಗಾಜು ಅವರ ತಪ್ಪಿಗೆ ವಾಪಸು ಬಂದದ್ದನ್ನ ನಾನು ನೋಡಿಲ್ಲ. ಅಂಚು ಸಿಡಿದ್ರೆ ಮುಚ್ಚಿಡಲ್ಲ, ಮುರಿದು ಬುಟ್ಟಿಗೆ ಹಾಕ್ತಾರೆ. ಅದಕ್ಕೆ ಬೈಸ್ಕೊಂಡಿದ್ದಾರೆ, ಆ ಅಭ್ಯಾಸ ಬಿಟ್ಟಿಲ್ಲ.”

“ಯಾಕೆ ಬಿಟ್ರು ಹಾಗಾದ್ರೆ?”

“ಬಿಡಲಿಲ್ಲ, ಬಿಡಿಸಿದ್ರು. ನಾನು ಗಾಜು ಮಗುಚಿಟ್ಟು ಗುರುತು ಹಾಕಿದ್ದೆ. ಅದನ್ನ ಗಿರಾಕಿ ಎದುರಿಗೇ ತಪ್ಪು ಅಂದ್ರು. ನನಗೂ ಅಲ್ಲೇ ಅಂದ್ರು.”

ಯಜಮಾನರ ಕೈ ಫೋನಿನ ಕಡೆ ಚಾಚಿ, ಮುದುಕರು ನೋಡುತ್ತಿದ್ದಾರೆಂದು ಅರಿವಾಗಿ, ಮುಂದೆ ಹೋಗಲಾರದೆ ಗಾಜು ಒರೆಸುವ ಬಟ್ಟೆಯನ್ನು ಎತ್ತಿಕೊಂಡಿತು.

“ಸ್ವಭಾವ ಹೇಗೆ?”

“ಕೆಟ್ಟದು” ಎಂದಳು. ಈ ಮಾತು ಎಲ್ಲಕ್ಕಿಂತ ಸಲೀಸಾಗಿ ಬಂದಿತು. “ಬಾಯಿಗೆ ಬೀಗ ಇಲ್ಲ. ಮರ್ಯಾದೆ ನೋಡಲ್ಲ, ಹೊತ್ತು ನೋಡಲ್ಲ. ಕೌಂಟರಿನಲ್ಲಿ ಮಾತ್ರ ನಿಲ್ಲಿಸಬೇಡಿ. ನನಗೆ ಅವರನ್ನ ಕಂಡ್ರೆ ಆಗಲ್ಲ. ಅದನ್ನೂ ಸೇರಿಸಿಯೇ ತೂಗಿಕೊಳ್ಳಿ.”

“ಮತ್ತೆ ಬಂದ್ರೆ ತಗೋತೀರಾ?”

“ನಾನು ಯಜಮಾನಿ ಅಲ್ಲ. ಆಗಿದ್ರೆ ಕಳಿಸ್ತಾನೇ ಇರಲಿಲ್ಲ.”

“ಇನ್ನೊಬ್ಬರು ಇದ್ದಾರಲ್ಲ, ನಿಮ್ಮಲ್ಲಿಂದಲೇ ಬಂದವರು. ಅವರ ಬಗ್ಗೆ?”

“ಅವರ ಬಗ್ಗೆ ಯಜಮಾನ್ರು ಹೇಳಿದ್ದಾರೆ” ಎಂದಳು. ಆಮೇಲೆ, ಏನು ಮಾಡುತ್ತಿದ್ದೇನೆಂದು ಪೂರ್ತಿ ತಿಳಿದುಕೊಂಡು, ಒಂದು ಉಸಿರು ತಡೆದಳು. “ನನ್ನನ್ನ ಕೇಳಿದ್ರೆ ಸೇರಿದ ದಿನ, ಬಿಟ್ಟ ದಿನ ಹೇಳಬಲ್ಲೆ.”

ಆ ಹೆಂಗಸು ಮೊದಲ ಸಲ ನಕ್ಕಳು. “ಅರ್ಥವಾಯ್ತು” ಎಂದಳು. “ನಿಮ್ಮ ಪಕ್ಕದ ಮೇಜಿನವರಿಗೆ ಇವತ್ತೇ ಫೋನ್ ಮಾಡ್ತೀವಿ. ಕೌಂಟರಿನಲ್ಲಿ ನಿಲ್ಲಿಸಲ್ಲ.”

ಅವಳು ಫೋನಿಟ್ಟಳು. ಯಜಮಾನರು ಒರೆಸಿದ ಗಾಜನ್ನೇ ಒರೆಸುತ್ತಿದ್ದರು. ಮುಖ ಕೆಂಪೇರಿತ್ತು, ಆದರೆ ಗಿರಾಕಿಗಳಿದ್ದಾಗ ಗಟ್ಟಿಯಾಗಿ ಮಾತಾಡುವ ಅಭ್ಯಾಸ ಅವರಿಗಿರಲಿಲ್ಲ. ಮುದುಕರು ಫ್ರೇಮನ್ನು ಮೂಗಿನಿಂದ ತೆಗೆದು ಕೌಂಟರಿನ ಮೇಲಿಟ್ಟರು. “ಅಲ್ಲಮ್ಮಾ, ಆ ಉಜ್ಜೋನು ಯಾವ ಆಸ್ಪತ್ರೆಗೆ ಹೋಗ್ತಾನೆ ಅಂದೆ?”

“ಮಾವ, ಸುಮ್ನಿರಿ” ಎಂದಳು ಸೊಸೆ.

“ಕೇಳೋದ್ರಲ್ಲಿ ಏನಿದೆ? ಕಣ್ಣು ನಂದು.”

ಅವರು ಫ್ರೇಮು ಕೊಳ್ಳದೆ ಹೋದರು. ಬಾಗಿಲು ಮುಚ್ಚಿಕೊಳ್ಳುವವರೆಗೆ ಕಾದು ಯಜಮಾನರು ಬಟ್ಟೆಯನ್ನು ಕೌಂಟರಿನ ಮೇಲೆ ಎಸೆದರು. ಅವರು ಕೂಗುತ್ತಾರೆಂದು ಅವಳು ಸಿದ್ಧವಾಗಿದ್ದಳು. ಅವರು ಕೂಗಲಿಲ್ಲ, ಮೆತ್ತಗೆ, ಸೋಲಿಸುವ ಲೆಕ್ಕವೊಂದು ತಮ್ಮ ಕೈಯಲ್ಲಿದೆ ಎಂಬಂತೆ ಕೇಳಿದರು.

“ಇನ್ನು ನೀನೂ ಬೇರೆ ಕಡೆ ಕೆಲಸ ಹುಡುಕಬೇಕಾಗಬಹುದು. ನಾಳೆ ನಿನ್ನ ಬಗ್ಗೆ ಯಾರಾದ್ರೂ ಫೋನ್ ಮಾಡಿದ್ರೆ ನಾನೇನು ಹೇಳಲಮ್ಮಾ?”

ಬೆಳಿಗ್ಗೆಯಾಗಿದ್ದರೆ ಈ ಮಾತಿಗೆ ಅವಳು ತಪ್ಪಾಯಿತು ಎಂದುಬಿಡುತ್ತಿದ್ದಳು. ಮನೆಯ ಬಾಡಿಗೆ, ಗಂಡನ ಕೆಮ್ಮು, ಮಗಳ ಕಾಲೇಜು, ಒಂದೊಂದೂ ಸರದಿಯಲ್ಲಿ ಬಂದು ಎದುರು ನಿಂತು ಹೋಗುತ್ತಿದ್ದವು. ಈಗಲೂ ಬಂದವು, ನಿಂತವು. ಅವಳು ಅವುಗಳನ್ನೆಲ್ಲ ನೋಡಿದಳು.

“ಗಾಜನ್ನ ಒಂದು ಸಲ ಮಗುಚಿಟ್ಟಳು ಅಂತ ಹೇಳಿ” ಎಂದಳು. “ನಾನು ಬೇಡ ಅಂದ್ರೂ ಆಸ್ಪತ್ರೆಗೆ ಫೋನ್ ಮಾಡಿದಳು ಅಂತ ಹೇಳಿ. ಎರಡೂ ನಿಜ. ನಿಜ ಹೇಳಿದ್ರೆ ಕಾನೂನು ನಿಮ್ಮ ತಂಟೆಗೆ ಬರಲ್ಲ.”

ಉತ್ತರಕ್ಕೆ ನಿಲ್ಲದೆ ಹಿಂದಿನ ಕೋಣೆಗೆ ನಡೆದಳು. ಖಾಲಿ ಮೇಜಿನ ನಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು, ತೊಟ್ಟಿಕ್ಕುವುದು ನಿಲ್ಲುವವರೆಗೆ ತಿರುವಿದಳು. ನಾಳೆಯೋ ನಾಡಿದ್ದೋ ಸಿಡುಕಣ್ಣ ಆಸ್ಪತ್ರೆಯ ಒದ್ದೆ ಏಪ್ರನ್ನಿನಲ್ಲಿ ನಿಂತು ಅಲ್ಲಿ ಗುರುತು ಹಾಕುವವಳನ್ನು ಬೈಯುತ್ತಿರುತ್ತಾನೆ. ತನಗೆ ಈ ಕೆಲಸ ಹೇಗೆ ಸಿಕ್ಕಿತೆಂದು ಅವನಿಗೆ ತಿಳಿಯುವುದಿಲ್ಲ, ತಿಳಿದರೂ ಥ್ಯಾಂಕ್ಸ್ ಹೇಳುವ ಜಾತಿಯವನಲ್ಲ. ಹೇಳುವುದೂ ಬೇಡ. ಅವನ ಮೇಲಿನ ಸಿಟ್ಟು ಎಳ್ಳಷ್ಟೂ ಇಳಿದಿರಲಿಲ್ಲ. ಅದು ತನ್ನದು, ಇಟ್ಟುಕೊಳ್ಳಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಸ್ಟೂಲಿನ ಮೇಲೆ ಕುಳಿತು ಮುಂದಿನ ಗಾಜನ್ನು ಎತ್ತಿಕೊಂಡಳು. ಬೆರಳಿನಿಂದ ಸವರಿ ಉಬ್ಬಿದ ಮೈಯನ್ನು ಗುರುತಿಸಿ, ಮೇಲೆ ಮಾಡಿ, ಯಂತ್ರದ ಬಾಯಿಗಿಟ್ಟಳು. ಕಣ್ಣು ಎಲ್ಲಿಟ್ಟಿದ್ದೀಯ ತಾಯೀ, ಎಂದಿತು ಆ ದನಿ.

“ಇಲ್ಲೇ” ಎಂದಳು ಅವಳು ಗಟ್ಟಿಯಾಗಿ, ಮುಂದಿನ ಕೌಂಟರಿಗೂ ಕೇಳಿಸುವ ಹಾಗೆ, ಮತ್ತು ಸನ್ನೆಗೋಲನ್ನು ಒತ್ತಿದಳು.